ಎರಡು ದರದ ಮೀಟರ್, ಮತ್ತು ಯಾರ ನಿದ್ದೆ ಎಂಬ ಪ್ರಶ್ನೆ

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಹಳೇ ಫ್ಲ್ಯಾಟ್ ಹುಡುಕುವವರು ಮೊದಲು ಕೇಳುವುದು ಗ್ಯಾಸ್ ಇದೆಯಾ ಅಂತ. ಅಡುಗೆಗಲ್ಲ, ಚಳಿಗೆ. ಇಲ್ಲಿ ಹೆಚ್ಚಿನ ಮನೆಗಳು ಬೆಚ್ಚಗಿರುವುದು ಗ್ಯಾಸ್ ಬಾಯ್ಲರಿನಿಂದ. ಒಂದು ಯೂನಿಟ್ ಗ್ಯಾಸಿನ ಬೆಲೆ ಒಂದು ಯೂನಿಟ್ ಕರೆಂಟಿನ ಬೆಲೆಯ ಸುಮಾರು ಕಾಲು ಭಾಗ. ಹಾಗಾಗಿ ಗ್ಯಾಸ್ ಪೈಪ್ ಇಲ್ಲದ ಮನೆ ಅಂದರೆ ಚಳಿಗಾಲದ ಬಿಲ್ ಬಂದಾಗ ಎದೆ ಧಸಕ್ ಅನ್ನುವ ಮನೆ. ನಾಟಿಂಗ್‌ಹ್ಯಾಮ್ ಹತ್ತಿರ ನಾವು ಹಿಡಿದದ್ದು ಅಂಥದೇ ಒಂದು ಫ್ಲ್ಯಾಟ್. ಬಾಡಿಗೆ ಕಮ್ಮಿ, ಬೆಳಕು ಚೆನ್ನಾಗಿದೆ, ಗ್ಯಾಸ್ ಇಲ್ಲ. ಗೋಡೆಗೆ ದಪ್ಪ ದಪ್ಪ ಸ್ಟೋರೇಜ್ ಹೀಟರುಗಳು. ಆದರೆ ಮೀಟರ್ ಮಾತ್ರ ಒಂದೇ ದರದ್ದು.

ಹಿಂದೆ ಇದ್ದ ಯಾರೋ ಈ ಹೀಟರುಗಳ ಸಹವಾಸವೇ ಬೇಡ ಅಂತ ಒಂದೇ ದರಕ್ಕೆ ಬದಲಾಯಿಸಿಕೊಂಡಿದ್ದರಂತೆ. ರಾತ್ರಿಯ ಅಗ್ಗದ ಕರೆಂಟನ್ನು ತುಂಬಿಸಿಕೊಳ್ಳಲೆಂದೇ ಮಾಡಿದ ಹೀಟರಿಗೆ ಹಗಲು ರಾತ್ರಿ ಒಂದೇ ಬೆಲೆ ಹಾಕುವ ಮೀಟರ್ ಜೊತೆಯಾದರೆ ಏನು ಪ್ರಯೋಜನ? ನಾವು ಮನೆ ಮಾಲೀಕರನ್ನು ಕೇಳಿ ಎರಡು ದರದ ಮೀಟರಿಗೆ ಬದಲಾದೆವು. ಇಲ್ಲಿ ಅದರ ಹೆಸರು ಎಕಾನಮಿ ಸೆವೆನ್. ರಾತ್ರಿ 7 ಗಂಟೆ ಕಾಲ ಕರೆಂಟ್ ಅಗ್ಗ, ಉಳಿದ 17 ಗಂಟೆ ತುಟ್ಟಿ. ಇಷ್ಟೇ ವಿಷಯ.

ಇಷ್ಟೇ ವಿಷಯ ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು. ಅಲ್ಲಿಯವರೆಗೆ ಕರೆಂಟ್ ಅಂದರೆ ನನಗೆ ಇದೆ ಅಥವಾ ಇಲ್ಲ, ಎರಡೇ. ಮೀಟರ್ ಬದಲಾದ ಮೇಲೆ ಅದಕ್ಕೂ ಹೊತ್ತು ಇದೆ ಅಂತ ಗೊತ್ತಾಯಿತು. ಬೆಳಗಿನ ಜಾವ ಮೂರು ಗಂಟೆಯ ಯೂನಿಟ್ಟೇ ಬೇರೆ, ಸಂಜೆ ಆರು ಗಂಟೆಯ ಯೂನಿಟ್ಟೇ ಬೇರೆ. ಹಾಗಾದರೆ ಆ ಹೊತ್ತಿಗೆ ಹೊಂದಿಕೊಳ್ಳಬೇಕಾದವರು ಯಾರು? ಮನೆಯ ಯಂತ್ರಗಳೋ, ಮನೆಯ ಜನರೋ? ಈ ಬರಹ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ.

ಎಕಾನಮಿ ಸೆವೆನ್ ಶುರುವಾದದ್ದು 1978ರ ಅಕ್ಟೋಬರಿನಲ್ಲಿ. ಆಗ ಬ್ರಿಟನ್ನಿನ ಕರೆಂಟಿನಲ್ಲಿ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತಿತ್ತು, ಒಂದಿಷ್ಟು ಅಣು ಸ್ಥಾವರಗಳಿಂದ. ಎರಡಕ್ಕೂ ಒಂದೇ ಸ್ವಭಾವ. ಒಮ್ಮೆ ಶುರುವಾದರೆ ಒಂದೇ ಸಮನೆ ಓಡುತ್ತಿದ್ದರೇ ಚೆಂದ. ಜನ ದೀಪ ಆರಿಸಿ ಮಲಗಿದರು ಅಂತ ದೊಡ್ಡ ಬಾಯ್ಲರ್ ಆರಿಸಿ, ಬೆಳಿಗ್ಗೆ ಮತ್ತೆ ಕಾಯಿಸುವುದು ಕಷ್ಟದ, ಖರ್ಚಿನ ಕೆಲಸ. ಹಾಗಾಗಿ ನಡುರಾತ್ರಿಯ ಕರೆಂಟಿಗೆ ಗಿರಾಕಿ ಬೇಕಿತ್ತು. ವೇಲ್ಸಿನ ಡಿನಾರ್ವಿಗ್‌ನಲ್ಲಿ ಒಂದು ಬೆಟ್ಟವನ್ನೇ ಕೊರೆದು ಪಂಪ್ಡ್ ಸ್ಟೋರೇಜ್ ಕೇಂದ್ರ ಕಟ್ಟಿದರು. ರಾತ್ರಿಯ ಅಗ್ಗದ ಕರೆಂಟಿನಲ್ಲಿ ನೀರನ್ನು ಮೇಲಿನ ಕೆರೆಗೆ ಏರಿಸುವುದು, ಹಗಲು ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. 1984ರಲ್ಲಿ ಶುರುವಾದ ಅದರ ಸಾಮರ್ಥ್ಯ 1,728 ಮೆಗಾವ್ಯಾಟ್. ಬೆಟ್ಟದೊಳಗೆ ಮಾಡಿದ ಕೆಲಸವನ್ನೇ ಮನೆಮನೆಯ ಹೀಟರಿನಲ್ಲೂ ಮಾಡಿಸಿದರು.

ರಾತ್ರಿಯಾಯಿತು ಅಂತ ಮೀಟರಿಗೆ ಹೇಳುವವರು ಯಾರು? ಹಳೇ ಕಾಲದಲ್ಲಿ ಮೀಟರ್ ಪಕ್ಕದಲ್ಲೇ ಒಂದು ಗಡಿಯಾರ ಇರುತ್ತಿತ್ತು. ಆಮೇಲೆ 80ರ ದಶಕದಲ್ಲಿ ರೇಡಿಯೋ ಬಂತು. ಬಿಬಿಸಿ ರೇಡಿಯೋ 4ರ ಲಾಂಗ್ ವೇವ್ ಪ್ರಸಾರ, 198 ಕಿಲೋಹರ್ಟ್ಸ್. ಮುಖ್ಯ ಕೇಂದ್ರ ಡ್ರಾಯ್ಟ್‌ವಿಚ್, ಜೊತೆಗೆ ಸ್ಕಾಟ್ಲೆಂಡಿನಲ್ಲಿ ಎರಡು. ಸುದ್ದಿ, ಹವಾಮಾನ, ಕ್ರಿಕೆಟ್ ಕಾಮೆಂಟರಿ ಬರುತ್ತಿದ್ದ ಅದೇ ಅಲೆಯೊಳಗೆ ಕಿವಿಗೆ ಕೇಳಿಸದಂತೆ ಇನ್ನೊಂದು ಸಂದೇಶವೂ ಹೋಗುತ್ತಿತ್ತು. ಮೀಟರ್ ಪಕ್ಕದ ಪುಟ್ಟ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಹೀಟರುಗಳನ್ನು ಆನ್ ಮಾಡುತ್ತಿತ್ತು. ಇದನ್ನು ಮೊದಲು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಒಂದು ದೇಶದ ಲಕ್ಷಾಂತರ ಮನೆಗಳ ಬಿಸಿನೀರು ಒಂದು ರೇಡಿಯೋ ಸ್ಟೇಷನ್ನಿನ ಮಾತು ಕೇಳಿ ಕಾಯುತ್ತಿತ್ತು! ಆ ಸೇವೆ 2025ರ ಜೂನ್ 30ಕ್ಕೆ ಮುಗಿಯಬೇಕಿತ್ತು. ಇನ್ನೂ ಲಕ್ಷಗಟ್ಟಲೆ ಮನೆಗಳಲ್ಲಿ ಹಳೇ ಪೆಟ್ಟಿಗೆ ಉಳಿದಿದ್ದರಿಂದ ಒಂದೇ ಸಲಕ್ಕೆ ನಿಲ್ಲಿಸದೆ ಹಂತ ಹಂತವಾಗಿ ಮುಚ್ಚಲು ಹೊರಟರು. ನಮ್ಮ ಮನೆಗೆ ಬಂದದ್ದು ಸ್ಮಾರ್ಟ್ ಮೀಟರ್. ಸಾಮಾನ್ಯ ಮೀಟರಿಗಿಂತ ಒಂದು ತಂತಿ ಹೆಚ್ಚು. ಆ ಐದನೇ ತಂತಿ ಸೀದಾ ಹೀಟರುಗಳಿಗೆ ಮತ್ತು ನೀರಿನ ಟ್ಯಾಂಕಿಗೆ ಹೋಗುತ್ತದೆ. ರಾತ್ರಿ ಮಾತ್ರ ಅದರಲ್ಲಿ ಕರೆಂಟ್ ಹರಿಯುತ್ತದೆ. ಆದರೆ ಆ 7 ಗಂಟೆಯ ಅಗ್ಗದ ದರ ಮನೆಯ ಎಲ್ಲದಕ್ಕೂ ಸಿಗುತ್ತದೆ. ಫ್ರಿಜ್ಜಿಗೂ, ಫೋನ್ ಚಾರ್ಜರಿಗೂ.

ಮೀಟರ್ ಹಾಕಲು ಬಂದವರು ನನಗೆ ಒಂದು ಮಾತು ಒತ್ತಿ ಹೇಳಿದರು. ಈ ಮೀಟರಿಗೆ ಬೇಸಿಗೆಯ ಗಡಿಯಾರ ಗೊತ್ತಿಲ್ಲ. ಇಲ್ಲಿ ಮಾರ್ಚ್ ಕೊನೆಯಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಅಕ್ಟೋಬರ್ ಕೊನೆಯಲ್ಲಿ ಹಿಂದಕ್ಕೆ. ಮೀಟರ್ ವರ್ಷವಿಡೀ ಜಿ.ಎಂ.ಟಿ.ಯಲ್ಲೇ, ಅಂದರೆ ಚಳಿಗಾಲದ ಗಡಿಯಾರದಲ್ಲೇ ಇರುತ್ತದೆ. ನಮ್ಮಲ್ಲಿ ಅಗ್ಗದ ಹೊತ್ತು ಚಳಿಗಾಲದಲ್ಲಿ ರಾತ್ರಿ 12:30ರಿಂದ ಬೆಳಿಗ್ಗೆ 7:30. ಬೇಸಿಗೆಯಲ್ಲಿ ಅದೇ 1:30ರಿಂದ 8:30. ಈ ಒಂದು ಗಂಟೆ ನಮಗೆ ವರ. ಬೇಸಿಗೆಯಲ್ಲಿ ಬೆಳಗಿನ ಕಾಫಿ, ಇಡ್ಲಿ ಎಲ್ಲಾ ರಾತ್ರಿಯ ದರದಲ್ಲೇ ಆಗುತ್ತೆ. ಊರಿಂದ ಊರಿಗೆ ಈ ಹೊತ್ತು ಬೇರೆ ಬೇರೆ. ಪಕ್ಕದ ಊರಿನ ಸ್ನೇಹಿತರ ಲೆಕ್ಕ ನಂಬಿ ಟೈಮರ್ ಇಡಬೇಡಿ.

ಇನ್ನು ದುಡ್ಡಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ಅಗ್ಗದ ರಾತ್ರಿ ಸುಮ್ನೆ ಸಿಗುವುದಿಲ್ಲ. ಅದಕ್ಕೆ ಬದಲಾಗಿ ಹಗಲಿನ ದರ ಏರುತ್ತದೆ. ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳೋಣ. ಒಂದೇ ದರವಾದರೆ ಯೂನಿಟ್ಟಿಗೆ 25 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್). ಎರಡು ದರವಾದರೆ ಹಗಲು 30, ರಾತ್ರಿ 15. ನೀವು ಬಳಸುವ ಕರೆಂಟಿನಲ್ಲಿ ಮೂರನೇ ಒಂದು ಭಾಗ ರಾತ್ರಿಗೆ ಬಿದ್ದರೆ ಎರಡೂ ಸಮ. ಅದಕ್ಕಿಂತ ಜಾಸ್ತಿ ಬಿದ್ದರೆ ಲಾಭ, ಕಮ್ಮಿಯಾದರೆ ನಷ್ಟ. ಹಗಲಿನ ದರ 32, ರಾತ್ರಿಯದು 16 ಆದರೆ ಶೇ. 44ರಷ್ಟು ರಾತ್ರಿಗೆ ಬೀಳಬೇಕು. ಎರಡು ಪೆನ್ಸ್ ಆಚೀಚೆ ಆದರೆ ಲೆಕ್ಕ ಎಷ್ಟು ಬದಲಾಗುತ್ತೆ ನೋಡಿ.

ಮೂರನೇ ಒಂದು ಭಾಗ ಅಂದರೆ ಸಣ್ಣದಲ್ವಾ ಅನ್ನಿಸಬಹುದು. ಅಲ್ಲ. ದಿನದ 24 ಗಂಟೆಯಲ್ಲಿ 7 ಗಂಟೆ ಅಂದರೆ ಶೇ. 29. ದಿನವಿಡೀ ಒಂದೇ ಸಮನೆ ಓಡುವ ಫ್ರಿಜ್ ಕೂಡ ಶೇ. 29ರಷ್ಟನ್ನೇ ರಾತ್ರಿ ತಿನ್ನುತ್ತದೆ. ಅಡುಗೆ, ಟಿವಿ, ಇಸ್ತ್ರಿ, ದೀಪ ಎಲ್ಲಾ ನಾವು ಎದ್ದಿರುವಾಗಿನ ಖರ್ಚು. ಹಾಗಾಗಿ ಶಾಖವನ್ನೋ, ನೀರನ್ನೋ, ಬ್ಯಾಟರಿಯನ್ನೋ ರಾತ್ರಿ ತುಂಬಿಸಿಡುವ ಒಂದು ದೊಡ್ಡ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಎರಡು ದರದ ಮೀಟರಿನಿಂದ ಸಾಮಾನ್ಯವಾಗಿ ನಷ್ಟವೇ. ದಿನಕ್ಕೆ ಹಗಲು 8 ಯೂನಿಟ್, ರಾತ್ರಿ 2 ಯೂನಿಟ್ ಬಳಸುವ ಮನೆ ನೋಡಿ. ಒಂದೇ ದರದಲ್ಲಿ ಎರಡೂವರೆ ಪೌಂಡ್, ಎರಡು ದರದಲ್ಲಿ 2.70. ಅದೇ ಮನೆಗೆ ಚಳಿಗಾಲದಲ್ಲಿ ಸ್ಟೋರೇಜ್ ಹೀಟರ್ ಮತ್ತು ಬಿಸಿನೀರು ಸೇರಿ ರಾತ್ರಿ 30 ಯೂನಿಟ್ ಹೋದರೆ, ಒಂದೇ ದರದಲ್ಲಿ ಒಂಬತ್ತೂವರೆ ಪೌಂಡ್, ಎರಡು ದರದಲ್ಲಿ 6.90. ದಿನಕ್ಕೆ ಎರಡೂವರೆ ಪೌಂಡಿಗಿಂತ ಜಾಸ್ತಿ ಉಳಿತಾಯ. ಮೀಟರ್ ಅದೇ, ಜನ ಅವರೇ. ತುಂಬಿಸಿಡುವ ಯಂತ್ರ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಆ ಹೀಟರಿನೊಳಗೆ ಇರುವುದು ಇಟ್ಟಿಗೆ. ಕಬ್ಬಿಣದ ಅಂಶ ಹೆಚ್ಚಿರುವ, ಕಲ್ಲಿನಷ್ಟು ಭಾರದ ಇಟ್ಟಿಗೆಗಳು. ರಾತ್ರಿ ಅವು ನೂರಾರು ಡಿಗ್ರಿ ಕಾಯುತ್ತವೆ. ಸುತ್ತ ದಪ್ಪ ಹೊದಿಕೆ. ಹಗಲಿಡೀ ಶಾಖ ನಿಧಾನವಾಗಿ ಹೊರಗೆ ಬರುತ್ತದೆ. ಅಜ್ಜಿ ಮನೆಯ ಬಚ್ಚಲೊಲೆಯಲ್ಲಿ ಬೆಂಕಿ ಆರಿದ ಎಷ್ಟೋ ಹೊತ್ತಿನ ಮೇಲೂ ಹಂಡೆಯ ನೀರು ಬಿಸಿ ಇರುತ್ತಿತ್ತಲ್ಲ, ಅದೇ ಗುಣ. 3.4 ಕಿಲೋವ್ಯಾಟಿನ ಒಂದು ಹೀಟರ್ 7 ಗಂಟೆಯಲ್ಲಿ ಹೆಚ್ಚುಕಮ್ಮಿ 24 ಯೂನಿಟ್ ತುಂಬಿಸಿಕೊಳ್ಳುತ್ತದೆ. ಹಳೇ ಹೀಟರುಗಳ ನೆತ್ತಿಯ ಮೇಲೆ ಎರಡು ತಿರುಗಣೆ. ಒಂದು ಇನ್‌ಪುಟ್, ಇವತ್ತು ರಾತ್ರಿ ಎಷ್ಟು ತುಂಬಿಸಬೇಕು ಅನ್ನುವುದಕ್ಕೆ. ಇನ್ನೊಂದು ಔಟ್‌ಪುಟ್, ಎಷ್ಟು ಬೇಗ ಬಿಡಬೇಕು ಅನ್ನುವುದಕ್ಕೆ. ಮಲಗುವ ಮುಂಚೆ ಔಟ್‌ಪುಟ್ ಮುಚ್ಚಬೇಕು, ಇಲ್ಲದಿದ್ದರೆ ತುಂಬಿದ್ದೆಲ್ಲಾ ರಾತ್ರಿಯೇ ಸೋರಿಹೋಗಿ ಸಂಜೆಗೆ ಇಟ್ಟಿಗೆ ತಣ್ಣಗಾಗಿರುತ್ತದೆ. ನಾಳೆ ಎಷ್ಟು ಚಳಿ ಅಂತ ಇವತ್ತೇ ಅಂದಾಜು ಮಾಡಬೇಕು. ನಮ್ಮ ಮನೆಯಲ್ಲಿ ಈಗ ಊಟ ಆದ ಮೇಲೆ ಹವಾಮಾನ ನೋಡಿ ತಿರುಗಣೆ ತಿರುಗಿಸುವುದು ರೂಢಿ. 2018ರ ನಂತರದ ಹೊಸ ಹೀಟರುಗಳು ಈ ಅಂದಾಜನ್ನು ತಾವೇ ಮಾಡುತ್ತವೆ, ಹೊದಿಕೆಯೂ ಚೆನ್ನಾಗಿರುತ್ತದೆ. ಬೆಲೆ ಜಾಸ್ತಿ. ಬಾಡಿಗೆ ಮನೆಗೆ ಅದನ್ನು ಹಾಕಿಸುವ ಮಾಲೀಕರು ಕಮ್ಮಿ.

ನನಗೆ ಇಟ್ಟಿಗೆಗಿಂತ ಇಷ್ಟವಾದದ್ದು ನೀರು. ಬೀರುವಿನೊಳಗೆ ಎತ್ತರದ ಸಿಲಿಂಡರ್, ಸುತ್ತ ದಪ್ಪ ಫೋಮ್. 150 ಲೀಟರ್ ನೀರನ್ನು 10 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 9 ಯೂನಿಟ್ ಬೇಕು. 3 ಕಿಲೋವ್ಯಾಟಿನ ಕಾಯಿಲ್ ಆದರೆ ಮೂರು ಗಂಟೆ. ಬೆಳಿಗ್ಗೆ ಕಾದ ನೀರು ಸಂಜೆಗೂ ಬಿಸಿಯೇ. ಸ್ನಾನ ಮಾಡುವವರಿಗೆ ಆ ನೀರು ಯಾವಾಗ ಕಾಯಿತು ಅನ್ನುವುದು ಗೊತ್ತೂ ಆಗುವುದಿಲ್ಲ. ಯಾರ ದಿನಚರಿಯೂ ಒಂದಿಷ್ಟೂ ಕದಲಲಿಲ್ಲ, ಆದರೆ 9 ಯೂನಿಟ್ ಸಂಜೆಯಿಂದ ನಡುರಾತ್ರಿಗೆ ಹೋಯಿತು. ಎರಡು ದರದ ಮೀಟರ್ ಮಾಡಬೇಕಾದ ಕೆಲಸ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಬಟ್ಟೆ ಒಗೆಯುವ ಯಂತ್ರದ ಮಾತು ಬೇರೆ. ಎರಡು ದರಕ್ಕೆ ಬದಲಾದವರಿಗೆ ಎಲ್ಲರೂ ಕೊಡುವ ಸಲಹೆ, ರಾತ್ರಿ ವಾಷಿಂಗ್ ಮೆಷಿನ್ ಹಾಕಿ ಮಲಗಿ ಅಂತ. ಇಲ್ಲಿಯ ಅಗ್ನಿಶಾಮಕ ದಳದವರು ಅದಕ್ಕೆ ಬೇಡ ಅನ್ನುತ್ತಾರೆ. ವಾಷಿಂಗ್ ಮೆಷಿನ್, ಡ್ರೈಯರ್, ಡಿಶ್‌ವಾಷರ್ ಇವನ್ನು ಎಲ್ಲರೂ ಮಲಗಿರುವಾಗ ಓಡಿಸಬೇಡಿ, ಬೆಂಕಿ ಹತ್ತಿಕೊಂಡರೆ ತಡವಾಗಿ ಗೊತ್ತಾಗುತ್ತೆ ಅನ್ನುವುದು ಅವರ ಎಚ್ಚರಿಕೆ. ಜೊತೆಗೆ ಕೆಳಗಿನ ಮನೆಯವರ ನಿದ್ದೆ. ಒಂದು ಸಲದ ಒಗೆತಕ್ಕೆ ಒಂದು ಯೂನಿಟ್ಟಿಗಿಂತ ಕಮ್ಮಿ. ಉಳಿಯುವುದು ಹತ್ತು ಪೆನ್ಸಿನ ಆಸುಪಾಸು. ಅದಕ್ಕಾಗಿ ನಾಲ್ಕು ಮನೆಯವರ ನೆಮ್ಮದಿ ಕೆಡಿಸುವುದು ನನಗೆ ಸರಿ ಕಾಣಲಿಲ್ಲ. ದೋಸೆ ಹಿಟ್ಟಿನ ಗ್ರೈಂಡರ್ ಕೂಡ ಹಗಲೇ ತಿರುಗುತ್ತದೆ. ಸಂಜೆಯ ಅಡುಗೆ ದಿನದ ತುಟ್ಟಿ ಹೊತ್ತಿನಲ್ಲೇ ಆಗುತ್ತದೆ. ಮಕ್ಕಳಿಗೆ ಹಸಿವಾಗುವುದು ಆ ಹೊತ್ತಿಗೇ.

ಮೀಟರ್ ಬದಲಾದ ಕೂಡಲೇ ಎಲ್ಲಾ ಸುಸೂತ್ರವಾಗಿ ನಡೆಯಿತು ಅಂತಲ್ಲ. ಮೊದಲ ಬಿಲ್ಲಿನಲ್ಲಿ ಹಗಲಿನ ಯೂನಿಟ್ ರಾಶಿ, ರಾತ್ರಿಯದು ಬೆರಳೆಣಿಕೆ. ಕರೆಂಟ್ ಕಂಪನಿಯವರು ಎರಡು ರೀಡಿಂಗನ್ನೂ ಅದಲುಬದಲು ಬರೆದುಕೊಂಡಿದ್ದರು. ಮೀಟರ್ ಮೇಲೆ ರೇಟ್ ಒಂದು, ರೇಟ್ ಎರಡು ಅಂತ ಇರುತ್ತದೆಯೇ ಹೊರತು ಯಾವುದು ಹಗಲು ಯಾವುದು ರಾತ್ರಿ ಅಂತ ಬರೆದಿರುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಮಲಗುವ ಮುಂಚೆ ಎರಡೂ ಅಂಕಿಯ ಫೋಟೋ ತೆಗೆಯಿರಿ. ಬೆಳಿಗ್ಗೆ ಎದ್ದು ಮತ್ತೆ ತೆಗೆಯಿರಿ. ಯಾವುದು ಜಾಸ್ತಿ ಏರಿದೆಯೋ ಅದು ರಾತ್ರಿಯದು. ಈ ಫೋಟೋಗಳನ್ನು ಕಳಿಸಿದ ಮೇಲೆ, ಒಂದಷ್ಟು ಫೋನು, ಒಂದಷ್ಟು ಮೇಲ್ ಆದ ಮೇಲೆ, ಬಿಲ್ ಸರಿಯಾಯಿತು. ಎರಡು ದರಕ್ಕೆ ಹೋಗುವ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ಈ ಫೋಟೋ ತೆಗೆದಿಟ್ಟುಕೊಳ್ಳಬೇಕು ಅಂತ ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ಕೆಳಗಿನ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಒಬ್ಬರೇ ಇದ್ದಾರೆ. ಅವರ ಮನೆಯಲ್ಲಿ ಮೊದಲಿಂದಲೂ ಎರಡು ದರದ ಮೀಟರ್. ಆದರೆ ನಡುಮನೆಯ ಸ್ಟೋರೇಜ್ ಹೀಟರ್ ಕೆಟ್ಟು ಬಹಳ ಕಾಲವಾಗಿತ್ತು. ಚಳಿಗೆ ಅವರು ಇಟ್ಟುಕೊಂಡದ್ದು ಪ್ಲಗ್ಗಿಗೆ ಹಾಕುವ ಸಣ್ಣ ಫ್ಯಾನ್ ಹೀಟರ್. ಎರಡು ಕಿಲೋವ್ಯಾಟ್. ಹಗಲು ಮನೆಯಲ್ಲೇ ಇರುವವರು, ಹಗಲೇ ಹಾಕಬೇಕು. ಅಂದರೆ ಅತಿ ತುಟ್ಟಿಯ ದರದಲ್ಲಿ ಅತಿ ಜಾಸ್ತಿ ಕರೆಂಟ್. ಅಗ್ಗದ ರಾತ್ರಿಯಲ್ಲಿ ಅವರು ಕಂಬಳಿ ಹೊದ್ದು ಮಲಗಿರುತ್ತಿದ್ದರು. ಅವರ ಪಾಲಿಗೆ ಎರಡು ದರದ ಮೀಟರ್ ಒಂದು ದಂಡ. ಎಲ್ಲಾ ನಿಯಮ ಪ್ರಕಾರವೇ ನಡೆದಿತ್ತು, ಬಿಲ್ಲಿನಲ್ಲಿ ಒಂದು ಪೆನ್ನಿಯೂ ತಪ್ಪಿರಲಿಲ್ಲ. ಹೀಟರ್ ರಿಪೇರಿ ಆಗಬೇಕು, ಇಲ್ಲವೇ ಅವರು ಒಂದೇ ದರಕ್ಕೆ ಹೋಗಬೇಕು. ನಾವು ಕೂತು ಅವರ ಜೊತೆ ಮನೆ ಮಾಲೀಕರಿಗೆ ಪತ್ರ ಬರೆದೆವು, ಕಂಪನಿಗೆ ಫೋನ್ ಮಾಡಿದೆವು. ಹೀಟರ್ ರಿಪೇರಿ ಆಗುವವರೆಗೆ ಒಂದೇ ದರಕ್ಕೆ ಹಾಕಿಕೊಟ್ಟರು. ಇಂಥವರು ಈ ದೇಶದಲ್ಲಿ ಇನ್ನೂ ಎಷ್ಟೋ ಜನ ಇರಬೇಕು. ದರ ಹೊತ್ತಿಗೆ ತಕ್ಕಂತೆ ಬದಲಾಗುತ್ತೆ ಅಂತ ಘೋಷಿಸಿಬಿಟ್ಟರೆ ಸಾಲದು. ಬದಲಾಗಲು ಬೇಕಾದ ಸಾಮಾನು ಮನೆಯಲ್ಲಿ ಕೆಲಸ ಮಾಡುತ್ತಿದೆಯಾ ಅಂತ ಯಾರಾದರೂ ನೋಡಬೇಕು.

ಈ ವಿಷಯವನ್ನು ಒಂದು ಭಾನುವಾರ ಶಿರಾ ಸೀಮೆಯಲ್ಲಿರುವ ನಮ್ಮ ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. ಮಾವನಿಗೆ ತೋಟ ಇದೆ. ಬೋರ್‌ವೆಲ್ ನೀರಿನಲ್ಲಿ ತೆಂಗು, ಅಡಿಕೆ, ಒಂದಿಷ್ಟು ಹೂವು.

“ಮಾವ, ಇಲ್ಲಿ ರಾತ್ರಿ ಏಳು ಗಂಟೆ ಕರೆಂಟ್ ಅಗ್ಗ” ಅಂದೆ.

“ಏಳು ಗಂಟೆನಾ? ನಮಗೂ ಏಳು ಗಂಟೆಯೇ ಕಣಮ್ಮ. ಅಗ್ಗ ಏನು ಬಂತು, ದುಡ್ಡೇ ಇಲ್ಲ. ಆದ್ರೆ ಅದು ರಾತ್ರಿ ಹನ್ನೆರಡಕ್ಕೆ ಬಂದ್ರೆ ನಾನು ಹನ್ನೆರಡಕ್ಕೆ ಏಳಬೇಕು. ನಿಮ್ಮಲ್ಲಿ ಯಾರು ಏಳ್ತಾರೆ?”

“ಯಾರೂ ಏಳಲ್ಲ ಮಾವ. ಮೀಟರೇ ಹಾಕುತ್ತೆ.”

“ಹಂಗಾದ್ರೆ ಸರಿ ಬಿಡು” ಅಂದರು.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಪಂಪ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಕೊಡುವುದು ದಿನಕ್ಕೆ 7 ಗಂಟೆ ಅನ್ನುವುದು ಸರ್ಕಾರದ ಮಾತು. ಅದನ್ನು ಎಷ್ಟೋ ಕಡೆ ಪಾಳಿ ಮಾಡಿ, ಹಗಲು ಸ್ವಲ್ಪ ರಾತ್ರಿ ಸ್ವಲ್ಪ ಅಂತ ಹಂಚಿಕೊಂಡು ಬಂದಿದ್ದಾರೆ. ಕಾರಣ ಅದೇ. ಹಗಲು ಪೇಟೆಗೂ ಕಾರ್ಖಾನೆಗೂ ಬೇಕು, ರಾತ್ರಿ ಕರೆಂಟ್ ಮಿಗುತ್ತದೆ. ಇಂಗ್ಲೆಂಡಿನವರಿಗೂ ಅದೇ ಸಮಸ್ಯೆ ಇತ್ತು, ನಮಗೂ ಅದೇ. ಅವರು ಮಿಕ್ಕ ಕರೆಂಟನ್ನು ಇಟ್ಟಿಗೆಗೆ ಕೊಟ್ಟರು. ನಾವು ರೈತರಿಗೆ ಕೊಟ್ಟೆವು. ಇಟ್ಟಿಗೆಗೆ ನಿದ್ದೆ ಬೇಡ. ರೈತರು ಟಾರ್ಚ್ ಹಿಡಿದು ಬದುವಿನ ಮೇಲೆ ನಡೆದು ಹೋಗಬೇಕು, ಕಾಲ ಬಳಿ ಹಾವು, ಪೊದೆಯಲ್ಲಿ ಕರಡಿ, ಕಾಡಂಚಿನ ಕಡೆ ಆನೆ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಕು. ಒಂದು ಸಾಲಿಗೆ ನೀರು ತುಂಬಿದ ಮೇಲೆ ಇನ್ನೊಂದು ಸಾಲಿಗೆ ತಿರುಗಿಸಬೇಕು, ಅದಕ್ಕೆ ಎಚ್ಚರವಾಗಿ ಕೂರಬೇಕು. ಬಿಲ್ಲಿನಲ್ಲಿ ಸೊನ್ನೆ ಇದ್ದರೂ ಆ ರಾತ್ರಿಯ ಬೆಲೆ ದೊಡ್ಡದು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಆದರೆ ದರ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದ್ದು ಈಗಲೇ.

ಅದಕ್ಕೆ ರೈತರೇ ಒಂದು ದಾರಿ ಹುಡುಕಿಕೊಂಡರು. ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರು. ಮಾವನ ತೋಟದಲ್ಲಿ ಈಗ ಡ್ರಿಪ್ಪೂ ಇದೆ, ಆಟೋ ಸ್ಟಾರ್ಟರೂ ಇದೆ. ಆದರೆ ಸುತ್ತಲಿನ ಎಲ್ಲಾ ಮೋಟರುಗಳೂ ಅದೇ ಕ್ಷಣಕ್ಕೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಟಿ.ಸಿ. ಸುಟ್ಟರೆ ಇನ್ನೊಂದು ಬರುವವರೆಗೆ ಬೆಳೆ ಒಣಗುತ್ತದೆ. ಹಾಗಾಗಿ ಇಲಾಖೆಯವರಿಗೆ ಆಟೋ ಸ್ಟಾರ್ಟರ್ ಅಂದರೆ ಆಗದು. ಇಂಗ್ಲೆಂಡಿನಲ್ಲಿ ಇದೇ ಭಯ ಎಲೆಕ್ಟ್ರಿಕ್ ಕಾರಿನ ರೂಪದಲ್ಲಿ ಬಂತು. ಅಗ್ಗದ ಹೊತ್ತು ಶುರುವಾದ ಕ್ಷಣಕ್ಕೇ ಬೀದಿಯ ಕಾರುಗಳೆಲ್ಲಾ ಚಾರ್ಜ್ ಆಗತೊಡಗಿದರೆ? 2022ರ ಜೂನ್ 30ರಿಂದ ಜಾರಿಯಾದ ನಿಯಮ ಅದಕ್ಕೆ ಸರಳ ಉತ್ತರ ಕೊಟ್ಟಿತು. ಮನೆಯಲ್ಲಿ ಹಾಕುವ ಹೊಸ ಚಾರ್ಜರ್ ತಾನಾಗಿಯೇ ಹತ್ತು ನಿಮಿಷದೊಳಗೆ ಎಷ್ಟಾದರೂ ತಡ ಮಾಡಿ ಶುರುವಾಗಬೇಕು. ಒಂದು ಎರಡನೇ ನಿಮಿಷಕ್ಕೆ, ಇನ್ನೊಂದು ಏಳನೇ ನಿಮಿಷಕ್ಕೆ. ಕಾರಿನವರಿಗೆ ಏನೂ ನಷ್ಟವಿಲ್ಲ. ನಮ್ಮ ಆಟೋ ಸ್ಟಾರ್ಟರಿಗೂ ಇಂಥ ತಡ ಮಾಡುವ ಸಣ್ಣ ಪೆಟ್ಟಿಗೆ ಕಡ್ಡಾಯ ಮಾಡಬಹುದಲ್ವಾ? ರೈತರನ್ನು ಬೈಯುವುದಕ್ಕಿಂತ ಅದು ಎಷ್ಟೋ ವಾಸಿ.

ಈಗ ಹೊತ್ತೇ ಬದಲಾಗುತ್ತಿದೆ. ನಾಟಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಹೊರಟರೆ ರ‍್ಯಾಟ್‌ಕ್ಲಿಫ್ ಸ್ಥಾವರದ ಎಂಟು ದೈತ್ಯ ಗೋಪುರಗಳು ಕಾಣುತ್ತವೆ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದು. 2024ರ ಸೆಪ್ಟೆಂಬರ್ 30ರಂದು ನಿಂತಿತು. 1882ರಲ್ಲಿ ಲಂಡನ್ನಿನ ಹೋಬರ್ನ್ ವಯಾಡಕ್ಟ್‌ನಲ್ಲಿ ಶುರುವಾದ ಕಲ್ಲಿದ್ದಲಿನ ಕರೆಂಟ್ 142 ವರ್ಷಕ್ಕೆ ಮುಗಿಯಿತು. ಈಗ ಗಾಳಿ, ಬಿಸಿಲಿನ ಕರೆಂಟಿನ ಕಾಲ. ಗಾಳಿಗೆ ರಾತ್ರಿ ಹಗಲು ಅಂತಿಲ್ಲ, ಬಿಸಿಲು ರಾತ್ರಿ ಇರುವುದೇ ಇಲ್ಲ. ಇಲ್ಲಿ ಗಾಳಿ ಜೋರಾಗಿ, ಬಿಸಿಲೂ ಇರುವ ಭಾನುವಾರ ಮಧ್ಯಾಹ್ನ ಸಗಟು ಮಾರುಕಟ್ಟೆಯಲ್ಲಿ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದೂ ಉಂಟು. ಎಕಾನಮಿ ಸೆವೆನ್ ಕಟ್ಟಿದ್ದು ರಾತ್ರಿ ಆರಿಸಲಾಗದ ಬಾಯ್ಲರುಗಳಿಗಾಗಿ. ಆ ಬಾಯ್ಲರುಗಳಲ್ಲಿ ಹೆಚ್ಚಿನವು ಹೋದವು, ಗಡಿಯಾರ ಉಳಿದಿದೆ.

ಕರ್ನಾಟಕದಲ್ಲಿ ಈ ಬದಲಾವಣೆ ಇನ್ನೂ ಎದ್ದು ಕಾಣುತ್ತದೆ. ಮಾವನ ಊರಿಂದ ಸ್ವಲ್ಪ ದೂರದ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಸುಮಾರು 13,000 ಎಕರೆ. ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬಿಸಿಲಿನಿಂದ ಬರುವ ಕರೆಂಟ್ ಹುಟ್ಟುವುದು ಹಗಲು. ಹಾಗಾಗಿ ಪಂಪ್‌ಸೆಟ್ಟಿಗೆ ಹಗಲೇ ಕರೆಂಟ್ ಕೊಡಬಹುದು, ಕೊಡುವುದು ಇಲಾಖೆಗೂ ಅನುಕೂಲ. ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಅಲ್ಲಿಂದ ಹೊರಡುವ ಲೈನಿನ (ಫೀಡರಿನ) ರೈತರಿಗೆ ಹಗಲು ನೀರೆತ್ತಲು ಬಿಡುವ ಕೆಲಸ ನಡೆದಿದೆ. ಇದನ್ನು ಓದುವಾಗೆಲ್ಲ ಮನಸ್ಸು ಹಗುರಾಗುತ್ತದೆ. ಇಷ್ಟು ವರ್ಷ ಮನುಷ್ಯರು ಕರೆಂಟಿಗೆ ಹೊಂದಿಕೊಂಡರು. ಈಗ ಕರೆಂಟೇ ಮನುಷ್ಯರು ಎದ್ದಿರುವ ಹೊತ್ತಿಗೆ ಬರುತ್ತಿದೆ.

ಆದರೆ ಮಧ್ಯಾಹ್ನ ಮಿಕ್ಕ ಕರೆಂಟನ್ನು ಸಂಜೆಗೆ ಉಳಿಸಿಡಬೇಕು. ಸೂರ್ಯ ಮುಳುಗಿದ ಮೇಲೇ ತಾನೇ ಮನೆಗಳಲ್ಲಿ ದೀಪ, ಟಿವಿ, ಫ್ಯಾನ್, ಎಸಿ ಎಲ್ಲಾ ಒಟ್ಟಿಗೆ ಬರುವುದು. ಅದಕ್ಕೆ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡಲು ಹೊರಟಿದ್ದಾರೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಡಿನಾರ್ವಿಗ್‌ನಂಥದೇ ಕೆಲಸ. ಅದು ಸಿಂಗಳೀಕಗಳ ಕಾಡು. ಅಲ್ಲಿಯ ಜನ, ಪರಿಸರದವರು ವಿರೋಧಿಸುತ್ತಿದ್ದಾರೆ. ಒಂದು ಸಲ ಲಿಂಗನಮಕ್ಕಿ ಅಣೆಕಟ್ಟೆಯ ನೀರಿಗೆ ಮುಳುಗಿ ಎದ್ದುಬಂದ ಸೀಮೆ ಅದು, ಅವರ ಆತಂಕ ಹುಸಿ ಅಲ್ಲ. ಕರೆಂಟ್ ಉಳಿಸಿಡಲು ಬೆಟ್ಟ ಕೊರೆಯುವ ಮುಂಚೆ, ಮನೆಗಳಲ್ಲಿ ಆಗಲೇ ಇರುವ ಗೀಸರುಗಳನ್ನೂ ನೀರಿನ ಟ್ಯಾಂಕುಗಳನ್ನೂ ಎಷ್ಟು ಬಳಸಿಕೊಂಡಿದ್ದೇವೆ ಅಂತ ಕೇಳಿಕೊಳ್ಳಬೇಡವಾ? ಕಾದ ನೀರು ಕೂಡ ಉಳಿಸಿಟ್ಟ ಕರೆಂಟೇ.

2023ರ ಜೂನಿನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ದಿನದ ಹೊತ್ತಿಗೆ ತಕ್ಕ ದರ ಇರಬೇಕು ಅಂತ ಅದು ಹೇಳುತ್ತದೆ. ಬಿಸಿಲಿನ 8 ಗಂಟೆ ಕಾಲ ದರ ಕನಿಷ್ಠ ಶೇ. 20ರಷ್ಟು ಕಮ್ಮಿ, ಸಂಜೆಯಂಥ ಬೇಡಿಕೆಯ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ. 10ರಷ್ಟು ಜಾಸ್ತಿ. ಯಾವ 8 ಗಂಟೆ ಅಂತ ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಹೇಳಬೇಕು. ಕೃಷಿಯನ್ನು ಹೊರಗಿಟ್ಟಿದ್ದಾರೆ, ಅದು ಸರಿ. ಮನೆಗೆ ಸ್ಮಾರ್ಟ್ ಮೀಟರ್ ಬಂದ ಮೇಲೆ ಇದು ಅನ್ವಯಿಸುತ್ತದೆ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ಟಿನೊಳಗೆ, ಹಿಂದಿನ ಬಳಕೆ ನೋಡಿ ಗೊತ್ತುಮಾಡಿದ ತಮ್ಮ ಮಿತಿ ದಾಟದೆ ಬಳಸುವವರ ಬಿಲ್ ಸೊನ್ನೆ. ಸೊನ್ನೆಯ ಶೇ. 20 ಕಮ್ಮಿ ಮಾಡಿದರೂ ಸೊನ್ನೆಯೇ. ಹಾಗಾಗಿ ಈ ಹೊತ್ತಿನ ದರ ತಟ್ಟುವುದು ಹೆಚ್ಚಾಗಿ ಗೀಸರ್, ಎಸಿ, ಲಿಫ್ಟ್, ಸಂಪ್ ಪಂಪ್ ಇರುವವರಿಗೆ. ಅದೂ ಸರಿಯೇ. ತುಂಬಿಸಿಡುವ ಯಂತ್ರ ಇರುವುದು ಅವರ ಬಳಿಯೇ. ನನ್ನ ಭಯ ಒಂದೇ. ಆ ಯಂತ್ರ ಇಲ್ಲದೆ ಬರೀ ಸಂಜೆಯ ಅಡುಗೆ, ದೀಪ, ಮಕ್ಕಳ ಓದು ಇರುವ, 200 ಯೂನಿಟ್ ಸ್ವಲ್ಪ ದಾಟುವ ಮನೆಗಳು. ನಮ್ಮ ಕೆಳಗಿನ ಮನೆಯವರ ಕಥೆ ಅಲ್ಲಿ ಮತ್ತೆ ಆಗಬಾರದು. ಅಂಥವರಿಗೆ ಒಂದೇ ದರದಲ್ಲಿ ಉಳಿಯುವ ಅವಕಾಶ ಇರಲೇಬೇಕು.

ನಮ್ಮ ಅಕ್ಕ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಿವಾಸಿಗಳ ಸಂಘದ ಕೆಲಸ ನೋಡಿಕೊಳ್ಳುತ್ತಾಳೆ. ಈ ಹೊತ್ತಿನ ದರ ಬಂದರೆ ಏನು ಮಾಡಬೇಕು ಅಂತ ಕೇಳಿದ್ದಳು. ಅವಳಿಗೆ ಬರೆದದ್ದು ಇಷ್ಟು. ಮನೆಯವರಿಗೆ ಅಡುಗೆ ಬೇಗ ಮುಗಿಸಿ, ಬಟ್ಟೆ ಆಗ ಒಗೆಯಿರಿ ಅಂತ ಸುತ್ತೋಲೆ ಕಳಿಸಬೇಡ. ಮೊದಲು ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಪಂಪ್ ನೋಡು. ಈಗ ಅದನ್ನು ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಹಾಕುತ್ತಾರೆ, ಟ್ಯಾಂಕ್ ದೊಡ್ಡದಿದ್ದರೆ ಮಧ್ಯಾಹ್ನ ಒಂದೇ ಸಲ ತುಂಬಿಸಬಹುದು. ಆಮೇಲೆ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ಗಾಳಿ ಊದುವ ಬ್ಲೋವರ್, ಅದರಲ್ಲಿ ಎಷ್ಟು ಹೊತ್ತನ್ನು ಹಗಲಿಗೆ ತರಬಹುದು ಅಂತ ನಡೆಸುವವರನ್ನು ಕೇಳು. ಬೇಸ್‌ಮೆಂಟಿನ ಕಾರ್ ಚಾರ್ಜರುಗಳು ಒಂದೇ ಸಲ ಶುರುವಾಗದ ಹಾಗೆ ನೋಡಿಕೊಳ್ಳಿ. ಮನೆಯ ಗೀಸರಿಗೆ ಒಂದು ಟೈಮರ್ ಸಾಕು, ಆದರೆ ಹೊದಿಕೆ ತೆಳುವಾದ ಹಳೇ ಗೀಸರ್ ಆದರೆ ಮಧ್ಯಾಹ್ನ ಕಾದ ನೀರು ಮಾರನೇ ಬೆಳಿಗ್ಗೆಗೆ ಉಳಿಯುವುದಿಲ್ಲ, ಅದನ್ನು ಮೊದಲು ಪರೀಕ್ಷೆ ಮಾಡಿ. ಪಂಪಿನ ಹೊತ್ತು ಬದಲಾಯಿಸುವ ಮುಂಚೆ ವಾಚ್‌ಮನ್ ಅವರನ್ನು ಒಂದು ಮಾತು ಕೇಳು, ಆ ಸ್ವಿಚ್ ಹಾಕಲು ಈಗ ಅವರು ಎಷ್ಟು ಹೊತ್ತಿಗೆ ಏಳುತ್ತಿದ್ದಾರೆ ಅಂತ.